ಅಲ್ಸಾಸಿನ ದ್ರಾಕ್ಷಿ ಸೀಮೆ: ಹದಿನಾಲ್ಕು ಊರು ಬೇಡ, ಐದು ಸಾಕು

ಪ್ರಶ್ನೆ: ನಾವು ಬೆಂಗಳೂರಿನವರು. ಮುಂದಿನ ದಸರಾ ರಜೆಯಲ್ಲಿ ಫ್ರಾನ್ಸಿಗೆ ಹೋಗುವ ಯೋಚನೆ ಇದೆ. ಪ್ಯಾರಿಸ್ ನೋಡಿದ ಮೇಲೆ ಅಲ್ಸಾಸ್ ಕಡೆಯ ವೈನ್ ಊರುಗಳಲ್ಲಿ ಆರು ದಿನ ಸುತ್ತಬೇಕು ಅಂತ ಆಸೆ. ಫೋಟೋದಲ್ಲಿ ನೋಡಿ ಇಷ್ಟವಾದ ಊರುಗಳನ್ನು ಬರೆದಿಡುತ್ತಾ ಹೋದೆ, ಪಟ್ಟಿ ಹದಿನಾಲ್ಕಕ್ಕೆ ಬಂತು. ಜೊತೆಗೆ ಯಜಮಾನರು, 67 ವರ್ಷದ ಅತ್ತೆ, 10 ವರ್ಷದ ಮಗಳು. ಯಜಮಾನರು ಒಂದೆರಡು ಗ್ಲಾಸ್ ವೈನ್ ಕುಡಿಯುತ್ತಾರೆ, ನಾನು ರುಚಿ ನೋಡುತ್ತೇನೆ ಅಷ್ಟೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರಿಗೆ ಮೊಣಕಾಲು ನೋವು ಬೇರೆ. ಕಾರು ಬಾಡಿಗೆಗೆ ತಗೊಳ್ಳಬೇಕಾ? ಎಲ್ಲಿ ಉಳಿಯುವುದು ಒಳ್ಳೆಯದು? ವೈನ್ ಕುಡಿಯದವರಿಗೆ ಅಲ್ಲಿ ನೋಡುವುದಕ್ಕೆ ಏನಾದರೂ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಖಂಡಿತ ಇದೆ. ಅಲ್ಸಾಸಿಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಅಲ್ಲಿ ತುಂಬಾ ಖುಷಿಪಟ್ಟವರಲ್ಲಿ ಒಂದು ತೊಟ್ಟೂ ಕುಡಿಯದವರು ಬೇಕಾದಷ್ಟು ಜನ ಇದ್ದಾರೆ. ಅದು ಮೊದಲು ರೈತರ ಸೀಮೆ. ವೈನ್ ಅಲ್ಲಿನ ಬೆಳೆ. ಊರು ಎಲ್ಲಿದೆ, ಮನೆ ಯಾಕೆ ಹಾಗಿದೆ, ಬಾಗಿಲು ಯಾಕೆ ಅಷ್ಟು ಅಗಲ, ಇದಕ್ಕೆಲ್ಲ ಕಾರಣ ಆ ಬೆಳೆಯೇ. ಅದು ಗೊತ್ತಾದರೆ ಗ್ಲಾಸ್ ಮುಟ್ಟದೆಯೂ ಆರು ದಿನ ಸಾಲುವುದಿಲ್ಲ.

ಆದರೆ ನಿಮ್ಮ ಪಟ್ಟಿ ಮಾತ್ರ ಕತ್ತರಿಸಲೇಬೇಕು. ಅಲ್ಸಾಸಿನ ವೈನ್ ರಸ್ತೆ ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ತಾನ್‌ವರೆಗೆ ಸುಮಾರು 170 ಕಿಲೋಮೀಟರ್ ಇದೆ. 1953ರಲ್ಲಿ ಪ್ರವಾಸಿಗರಿಗಾಗಿಯೇ ಇದನ್ನು ಗುರುತು ಮಾಡಿದರು. ಈ ದಾರಿಯ ಉದ್ದಕ್ಕೂ ಎರಡು ಮೂರು ಕಿಲೋಮೀಟರಿಗೆ ಒಂದು ಊರು. ಕಾರಿನಲ್ಲಿ ದಿನಕ್ಕೆ ನಾಲ್ಕು ಊರು ಮುಗಿಸುವುದು ಕಷ್ಟವಲ್ಲ. ಹಾಗೆ ಮಾಡಿದವರಿಗೆ ಎರಡನೇ ದಿನ ಸಂಜೆಗೆ ಎಲ್ಲ ಊರೂ ಒಂದೇ ಥರ ಕಾಣುತ್ತದೆ. ಅದೇ ಬಣ್ಣದ ಮನೆ, ಅದೇ ಕಿಟಕಿಯ ಹೂಕುಂಡ, ಅದೇ ಅಂಗಡಿ. ಮಗಳು ಮೊದಲ ದಿನವೇ ಹೇಳಿಬಿಡುತ್ತಾಳೆ, ನೋಡಿ ಬೇಕಾದರೆ. ಈ ಸೀಮೆಯ ಚೆಲುವು ಇರುವುದು ಊರು ಮತ್ತು ಊರಿನ ನಡುವೆ. ದ್ರಾಕ್ಷಿ ಸಾಲಿನ ಮಧ್ಯೆ ನಡೆದು ಬಂದು, ಕೋಟೆ ಬಾಗಿಲು ದಾಟಿ ಊರೊಳಗೆ ಕಾಲಿಟ್ಟಾಗಲೇ ಆ ಊರು ಏನು ಅಂತ ತಿಳಿಯುವುದು. ಪಾರ್ಕಿಂಗ್‌ನಿಂದ ಇಳಿದು ಹೋದರೆ ತಿಳಿಯುವುದಿಲ್ಲ. ಹಾಗಾಗಿ ಮುಖ್ಯವಾಗಿ ಐದು ಊರು ಇಟ್ಟುಕೊಳ್ಳಿ, ಉಳಿದವು ದಾರಿಯಲ್ಲಿ ಸಿಕ್ಕಷ್ಟು. ಆ ಐದರಲ್ಲಿ ಒಂದರಲ್ಲಿ ಆರು ರಾತ್ರಿಯೂ ಉಳಿಯಿರಿ.

ಜಾಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು, ಪೂರ್ವಕ್ಕೆ ರೈನ್ ನದಿ, ಆಚೆ ದಡ ಜರ್ಮನಿ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡ ಬೆಟ್ಟದ ಆ ಬದಿಯಲ್ಲೇ ಸುರಿದು ಖಾಲಿಯಾಗುತ್ತದೆ. ಈ ಬದಿ ಮಳೆ ನೆರಳು. ಕೋಲ್ಮಾರ್ ಪಟ್ಟಣ ಫ್ರಾನ್ಸಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲಿ ಒಂದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಬಯಲಿನಲ್ಲಿ ಮೆಕ್ಕೆಜೋಳ, ಕೋಸು ಬೆಳೆಯುತ್ತಾರೆ. ಬೆಟ್ಟದ ಬುಡದ ಇಳಿಜಾರು, ಅಂದರೆ 200ರಿಂದ 400 ಮೀಟರ್ ಎತ್ತರದ ಪಟ್ಟಿ, ದ್ರಾಕ್ಷಿಗೆ. ಬೆಳಗಿನ ಬಿಸಿಲು ನೇರ ಬೀಳುವ ಜಾಗ ಅದು. ಊರುಗಳೂ ಸರಿಯಾಗಿ ಆ ಗಡಿಯಲ್ಲೇ ಸಾಲಾಗಿ ಕೂತಿವೆ.

ವಿಜಯಪುರದ ಕಡೆ ದ್ರಾಕ್ಷಿ ತೋಟ ನೋಡಿದವರಿಗೆ ಒಂದು ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಅದನ್ನು ದಾರಿಗೆ ತರುತ್ತೇವೆ. ಅಲ್ಸಾಸಿನಲ್ಲಿ ಬಳ್ಳಿ ನವೆಂಬರಿನಿಂದ ಮಾರ್ಚ್‌ವರೆಗೆ ಬೋಳು ಕಡ್ಡಿ. ಏಪ್ರಿಲ್ ಹೊತ್ತಿಗೆ ಚಿಗುರು, ಜೂನ್‌ನಲ್ಲಿ ಹೂವು, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲು. ನಮ್ಮ ಏಪ್ರಿಲ್ ರಜೆಯಲ್ಲಿ ಹೋದವರು ಕಡ್ಡಿ, ಹೆಚ್ಚೆಂದರೆ ಪುಟ್ಟ ಚಿಗುರು ನೋಡಿ ಬರುತ್ತಾರೆ. ನೀವು ದಸರಾ ರಜೆ ಆರಿಸಿಕೊಂಡಿದ್ದೀರಿ, ಅದೇ ಸರಿಯಾದ ಸಮಯ. ಕೊಯ್ಲಿನ ಕೊನೆಯ ಭಾಗ ಸಿಗುತ್ತದೆ, ಎಲೆ ಹಳದಿಗೆ ತಿರುಗಿರುತ್ತದೆ, ಆಗಸ್ಟಿನ ಜನಜಂಗುಳಿ ಕರಗಿರುತ್ತದೆ. ಬೆಳಿಗ್ಗೆ ಚಳಿ ಇರುತ್ತದೆ. ಅತ್ತೆಯವರಿಗೆ ಸ್ವೆಟರ್ ಜೊತೆ ಗಾಳಿ ತಡೆಯುವ ಜಾಕೆಟ್ಟೂ ಇರಲಿ.

ಎಲ್ಲಿ ಉಳಿಯಬೇಕು? ಎಲ್ಲರೂ ಕೋಲ್ಮಾರ್ ಅನ್ನುತ್ತಾರೆ, ಇಲ್ಲವೇ ರಿಕ್ವೀರ್. ನಾನು ಟುರ್ಕ್‌ಹೈಮ್ ಅನ್ನುತ್ತೇನೆ. ಕೋಲ್ಮಾರ್‌ನಿಂದ ಚಿಕ್ಕ ರೈಲಿನಲ್ಲಿ ಹತ್ತು ಹದಿನೈದು ನಿಮಿಷ. ಸ್ಟೇಷನ್‌ನಿಂದ ಇಳಿದರೆ ಎದುರಿಗೇ ಕೋಟೆ ಬಾಗಿಲು. ಮೂರು ಹಳೆಯ ಬಾಗಿಲುಗಳಿರುವ ಊರು, ಒಳಗೆ ನೆಲ ಬಹುಪಾಲು ಸಮ. ಮೊಣಕಾಲು ನೋವಿನವರಿಗೆ ಇದು ದೊಡ್ಡ ವಿಷಯ ಅಲ್ವಾ? ಮೇಲಿನ ಬಾಗಿಲು ದಾಟಿದರೆ ದ್ರಾಕ್ಷಿ ತೋಟ ಅಲ್ಲಿಂದಲೇ ಶುರು. ಆ ಇಳಿಜಾರಿನ ಹೆಸರು ಬ್ರಾಂಡ್. ಅಲ್ಸಾಸಿನಲ್ಲಿ 'ಗ್ರಾಂ ಕ್ರೂ' ಅನ್ನುವ ಅತ್ಯುತ್ತಮ ದರ್ಜೆ ಸಿಕ್ಕ 51 ಜಾಗಗಳಲ್ಲಿ ಇದೂ ಒಂದು. ದಿನಸಿ ಅಂಗಡಿ, ಬೇಕರಿ, ಔಷಧಿ ಅಂಗಡಿ ಎಲ್ಲ ಇದೆ, ಏಕೆಂದರೆ ಜನ ಅಲ್ಲಿ ನಿಜವಾಗಿ ಬದುಕುತ್ತಿದ್ದಾರೆ. ಹೆಸರುವಾಸಿ ಊರುಗಳಲ್ಲಿ ಸಂಜೆ ಏಳಾದರೆ ಪ್ರವಾಸಿ ಬಸ್ಸು ಹೊರಟು ಬೀದಿಗಳು ಬಿಕೋ ಅನ್ನುತ್ತವೆ. ಇಲ್ಲಿ ಹಾಗಿಲ್ಲ.

ಮಗಳಿಗಾಗಿ ಇನ್ನೊಂದು ಕಾರಣ. ಮೇ 1ರಿಂದ ಅಕ್ಟೋಬರ್ 31ರವರೆಗೆ ದಿನಾ ರಾತ್ರಿ ಹತ್ತಕ್ಕೆ ಟುರ್ಕ್‌ಹೈಮ್‌ನಲ್ಲಿ ಊರ ಕಾವಲುಗಾರ ಸುತ್ತು ಹೊರಡುತ್ತಾನೆ. ಹಳೆಯ ಕಾಲದ ನಿಲುವಂಗಿ, ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ಉದ್ದನೆಯ ಭರ್ಜಿ. ಬೀದಿ ಮೂಲೆಯಲ್ಲಿ ನಿಂತು, ದೀಪ ಬೆಂಕಿ ಜೋಪಾನ ಅಂತ ಹಾಡಿ ಮುಂದೆ ಹೋಗುತ್ತಾನೆ. ಹಿಂದೆ ಮಕ್ಕಳ ದಂಡು. ಮರದ ಮನೆಗಳ ಊರಿಗೆ ಬೆಂಕಿಯಷ್ಟು ದೊಡ್ಡ ಭಯ ಇನ್ನೊಂದಿರಲಿಲ್ಲ. ಆ ಹಾಡು ಅಂದಿನ ದಿನಗಳಲ್ಲಿ ಊರಿಗೆ ನಿಜವಾದ ಕಾವಲಾಗಿತ್ತು.

ಮನೆಗಳನ್ನು ನೋಡುವುದಕ್ಕೂ ಒಂದು ರೀತಿ ಇದೆ. ಮೊದಲು ಕೆಳಗೆ ನೋಡಿ. ನೆಲ ಅಂತಸ್ತು ಕಲ್ಲಿನದು, ಸಾಮಾನ್ಯವಾಗಿ ವೋಜ್ ಬೆಟ್ಟದ ನಸುಗೆಂಪು ಮರಳುಗಲ್ಲು. ಅಲ್ಲೇ ವೈನ್ ಕೆಲಸ. ಗಾಡಿ ಒಳಗೆ ಹೋಗುವಷ್ಟು ಅಗಲದ ಕಮಾನು ಬಾಗಿಲು, ಒಳಗೆ ಅಂಗಳ. ಮೇಲಿನ ಅಂತಸ್ತುಗಳು ದಪ್ಪ ತೊಲೆಗಳ ಚೌಕಟ್ಟು, ನಡುವೆ ಹುಲ್ಲು ಕಲಸಿದ ಮಣ್ಣು, ಮೇಲೆ ಸುಣ್ಣ. ತೊಲೆಗಳನ್ನು ಮರದ ಗೂಟದಿಂದಲೇ ಕೂಡಿಸಿರುತ್ತಾರೆ. ಬೇಕಾದರೆ ಬಿಚ್ಚಿ ಇನ್ನೊಂದು ಕಡೆ ಮತ್ತೆ ನಿಲ್ಲಿಸಬಹುದಿತ್ತು. ಮನೆಗಳು ಅಷ್ಟು ಒತ್ತೊತ್ತಾಗಿ ಇರುವುದಕ್ಕೆ ಕಾರಣ ಊರ ಸುತ್ತಲಿನ ಕೋಟೆ ಗೋಡೆ ಒಂದೇ ಅಲ್ಲ. ಇಳಿಜಾರಿನ ಒಂದೊಂದು ಗೇಣು ನೆಲವೂ ದ್ರಾಕ್ಷಿಗೆ ಬೇಕಿತ್ತು. ಮನೆ ಕಟ್ಟಿ ಅದನ್ನು ಕಳೆಯುವುದಕ್ಕೆ ಯಾರೂ ತಯಾರಿರಲಿಲ್ಲ.

ಆಮೇಲೆ ಕಮಾನಿನ ನೆತ್ತಿಯ ಕಲ್ಲು ನೋಡಿ. ಅದರ ಮೇಲೆ ವರ್ಷ ಕೆತ್ತಿರುತ್ತಾರೆ, ಜೊತೆಗೆ ಮನೆಯವರ ಕಸುಬಿನ ಗುರುತು. ಪೀಪಾಯಿ ಮಾಡುವವನಿಗೆ ಸುತ್ತಿಗೆ, ದ್ರಾಕ್ಷಿ ಬೆಳೆಗಾರನಿಗೆ ಬಾಗಿದ ಕುಡುಗೋಲು, ಬೇಕರಿಯವನಿಗೆ ಬ್ರೆಟ್ಸೆಲ್ ಎಂಬ ಗಂಟು ಆಕಾರದ ಬ್ರೆಡ್ಡು. ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ವರ್ಷಗಳನ್ನು ಬರೆದುಕೊಳ್ಳೋದಕ್ಕೆ ಹೇಳಿ. 1500ರ ನಂತರದ ನೂರು ವರ್ಷದಲ್ಲಿ ಕಟ್ಟಿದ ಮನೆಗಳು ತುಂಬಾ ಸಿಗುತ್ತವೆ. ಆಗ ಅಲ್ಸಾಸಿನ ವೈನ್ ರೈನ್ ನದಿಯಲ್ಲಿ ದೋಣಿ ಏರಿ ಉತ್ತರ ಯುರೋಪಿಗೆ ಹೋಗುತ್ತಿತ್ತು, ಕೈತುಂಬಾ ದುಡ್ಡು ಬರುತ್ತಿತ್ತು. 1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಮನೆ ಕಟ್ಟುವ ಮಾತಿರಲಿ, ಎಷ್ಟೋ ಊರುಗಳಲ್ಲಿ ಜನರೇ ಉಳಿಯಲಿಲ್ಲ. ಆ ಹೊತ್ತಿನ ವರ್ಷಗಳು ಬಾಗಿಲ ಮೇಲೆ ಸಿಗುವುದು ಅಪರೂಪ. ಹತ್ತು ವರ್ಷದ ಮಗು ತನ್ನ ನೋಟ್‌ಬುಕ್ಕಿನಲ್ಲೇ ಆ ಖಾಲಿ ಜಾಗ ಕಂಡುಕೊಳ್ಳಬಹುದು.

ಇದನ್ನು ನೋಡುವುದಕ್ಕೆ ಅತ್ಯುತ್ತಮ ಊರು ರಿಕ್ವೀರ್. ಯುದ್ಧಗಳಲ್ಲಿ ಅದು ಹೆಚ್ಚು ಹಾಳಾಗದೆ ಉಳಿದುಕೊಂಡಿತು. ಮೇಲಿನ ತುದಿಯಲ್ಲಿ 1291ರ ಡೋಲ್ಡರ್ ಗೋಪುರ ಇದೆ. ಹೊರಗಡೆಯಿಂದ ನೋಡಿದರೆ ಬಿಗಿಯಾದ ಕಾವಲು ಗೋಪುರ, ಊರಿನ ಕಡೆಯಿಂದ ಮರದ ಚೌಕಟ್ಟಿನ ಚಂದದ ಮನೆ. ಶತ್ರುವಿಗೆ ಒಂದು ಮುಖ, ಊರಿನವರಿಗೆ ಇನ್ನೊಂದು. ಆದರೆ ರಿಕ್ವೀರ್‌ಗೆ ಮಧ್ಯಾಹ್ನ ಹೋಗಬೇಡಿ. ಹನ್ನೊಂದರಿಂದ ನಾಲ್ಕರವರೆಗೆ ಮುಖ್ಯ ಬೀದಿಯಲ್ಲಿ ತಲೆ ಎತ್ತಿ ನೋಡಲಿಕ್ಕೂ ಜಾಗ ಇರುವುದಿಲ್ಲ. ನಾಲ್ಕೂವರೆ ಮೇಲೆ ಹೋಗಿ.

ಅದನ್ನು ಒಂದು ಇಡೀ ದಿನದ ಕೊನೆಗೆ ಇಟ್ಟುಕೊಳ್ಳಿ. ನಾನು ಹೇಳುವ ಒಂದೇ ಒಂದು ದಾರಿಯನ್ನು ನೀವು ನಡೆಯುವುದಾದರೆ ಇದನ್ನು ನಡೆಯಿರಿ: ರಿಬೋವಿಲ್ಲೆಯಿಂದ ಹುನಾವೀರ್, ಅಲ್ಲಿಂದ ರಿಕ್ವೀರ್. ಒಟ್ಟು ಐದು ಕಿಲೋಮೀಟರ್ ಆಸುಪಾಸು. ದಾರಿ ಬಹುಪಾಲು ತೋಟದವರ ಟ್ರ್ಯಾಕ್ಟರ್ ಓಡಾಡುವ ರಸ್ತೆ, ಸಣ್ಣ ಏರಿಳಿತ ಅಷ್ಟೆ. ಬೆಳಿಗ್ಗೆ ಕೋಲ್ಮಾರ್‌ನಿಂದ ಬಸ್ಸಿನಲ್ಲಿ ರಿಬೋವಿಲ್ಲೆಗೆ ಹೋಗಿ. ಊರ ಮೇಲೆ ಮೂರು ಪಾಳು ಕೋಟೆಗಳು ಕಾಣುತ್ತವೆ. ಊರಿನ ಬೆಳೆಗಾರರ ಸಹಕಾರ ಸಂಘ 1895ರದು, ಫ್ರಾನ್ಸಿನ ತೀರಾ ಹಳೆಯ ವೈನ್ ಸಹಕಾರ ಸಂಘಗಳಲ್ಲಿ ಒಂದು. ಅಲ್ಲಿಂದ ಅರ್ಧ ಮುಕ್ಕಾಲು ಗಂಟೆ ನಡೆದರೆ ಹುನಾವೀರ್.

ಹುನಾವೀರ್‌ನ ಚರ್ಚು ಊರೊಳಗಿಲ್ಲ, ದ್ರಾಕ್ಷಿ ತೋಟದ ಮಧ್ಯೆ ದಿಬ್ಬದ ಮೇಲಿದೆ. ಸುತ್ತ ಆರು ಬುರುಜಿನ ಕೋಟೆ ಗೋಡೆ. ಗಲಾಟೆ ಕಾಲದಲ್ಲಿ ಊರಿನವರೆಲ್ಲ ಅದರೊಳಗೆ ಸೇರಿಕೊಳ್ಳುತ್ತಿದ್ದರು. ಒಂದೇ ಕಟ್ಟಡದಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಸರದಿಯಂತೆ ಪ್ರಾರ್ಥನೆ ನಡೆಸುತ್ತಾ ಬಂದಿದ್ದಾರೆ, 1600ರ ದಶಕದ ಕೊನೆಯಿಂದ. ಗೋಡೆಯ ಒಳಗೆ ಸಮಾಧಿಗಳು, ಹೊರಗೆ ಒಂದು ಮಾರು ದೂರಕ್ಕೆ ದ್ರಾಕ್ಷಿ ಬಳ್ಳಿ. ಊರಿನ ಕಾರಂಜಿಗೆ ಹುನ್ ಎಂಬ ಸಂತಳ ಹೆಸರು. ಒಂದು ವರ್ಷ ಬೆಳೆ ಪೂರ್ತಿ ಕೈಕೊಟ್ಟಾಗ ಆ ಕಾರಂಜಿಯ ನೀರೇ ವೈನ್ ಆಗಿ ಹರಿಯಿತು ಅಂತ ಊರಿನವರು ಕಥೆ ಹೇಳುತ್ತಾರೆ.

ಊರಾಚೆ ಕೊಕ್ಕರೆಗಳ ಪಾರ್ಕ್ ಇದೆ. ಅಲ್ಸಾಸಿನಲ್ಲಿ ಬಿಳಿ ಕೊಕ್ಕರೆ ಅಂದರೆ ಮನೆಯ ಮಗು ಇದ್ದ ಹಾಗೆ. ಚಿಮಣಿ ಮೇಲೆ, ಚರ್ಚಿನ ಸೂರಿನ ಮೇಲೆ ಗೂಡು ಕಟ್ಟುತ್ತವೆ. ಇಷ್ಟಿದ್ದೂ 1970ರ ದಶಕದಲ್ಲಿ ಕಾಡು ಕೊಕ್ಕರೆ ಜೋಡಿ ಬೆರಳೆಣಿಕೆಗೆ ಇಳಿದಿತ್ತು. ಆಫ್ರಿಕಾಕ್ಕೆ ಹೋಗಿ ಬರುವ ದಾರಿಯಲ್ಲಿ ಬರ, ಬೇಟೆ, ವಿದ್ಯುತ್ ತಂತಿ; ಇಲ್ಲಿ ಬತ್ತಿದ ಜೌಗು ಹುಲ್ಲುಗಾವಲು. ಹುನಾವೀರ್‌ನಂಥ ಕೇಂದ್ರಗಳಲ್ಲಿ ಮರಿಗಳನ್ನು ಬೆಳೆಸಿ, ವಲಸೆಯ ಹಂಬಲ ಮರೆಯುವವರೆಗೆ ಮೂರು ವರ್ಷ ಇಟ್ಟುಕೊಂಡು ಬಿಟ್ಟರು. ಈಗ ನೂರಾರು ಜೋಡಿಗಳಿವೆ. ಅಕ್ಟೋಬರ್ ಹೊತ್ತಿಗೆ ವಲಸೆ ಹೋಗುವವು ದಕ್ಷಿಣಕ್ಕೆ ಹಾರಿಹೋಗಿರುತ್ತವೆ, ಪಾರ್ಕ್‌ನಲ್ಲಿ ಹೇಗೂ ಸಿಗುತ್ತವೆ. ಹೊರಡುವ ಮುಂಚೆ ಮಗಳನ್ನು ಮಂಡ್ಯದ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಕರೆದುಕೊಂಡು ಹೋಗಿ ಬನ್ನಿ. ಜನ ತಮ್ಮ ಮನೆ ಪಕ್ಕದ ಮರದಲ್ಲಿ ಹಕ್ಕಿಗೆ ಜಾಗ ಬಿಟ್ಟುಕೊಡುವುದು ಅವಳಿಗೆ ಎರಡು ದೇಶದಲ್ಲೂ ಕಾಣಲಿ.

ಈ ನಡಿಗೆಯಲ್ಲಿ ಸಾಲುಗಳ ಹತ್ತಿರ ನಿಂತು ನೋಡಿ. ಹೆಚ್ಚಿನ ಸಾಲು ಕೊಯ್ದು ಮುಗಿದಿರುತ್ತದೆ. ಆದರೆ ಅಲ್ಲಲ್ಲಿ ಕೆಲವು ಸಾಲಿನಲ್ಲಿ ಗೊಂಚಲು ಹಾಗೇ ನೇತಾಡುತ್ತಿರುತ್ತದೆ. ಕಾಳು ಸುಕ್ಕುಗಟ್ಟಿ, ಕಂದು ಬಣ್ಣಕ್ಕೆ ತಿರುಗಿ, ಕೆಲವಕ್ಕೆ ಬೂದಿ ಸವರಿದಂಥ ಬೂಷ್ಟು ಹಿಡಿದಿರುತ್ತದೆ. ಕೊಳೆಯಲು ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಬೂಷ್ಟು ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ ಒಳಗಿನ ನೀರನ್ನು ಆರಿಸುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ. ಅದರಿಂದ ಮಾಡುವ ಸಿಹಿ ವೈನ್ ತುಂಬಾ ದುಬಾರಿ. ಒಂದು ಜೋರು ಮಳೆ ಬಂದರೆ ಅಷ್ಟೂ ಹೋಗುತ್ತದೆ, ರೈತ ಅಷ್ಟು ಧೈರ್ಯ ಮಾಡಿ ಬಿಟ್ಟಿರುತ್ತಾನೆ. ದಯವಿಟ್ಟು ಒಂದು ಕಾಳನ್ನೂ ಕೀಳಬೇಡಿ, ಮಗಳಿಗೂ ಹೇಳಿ. ಕೊಯ್ಲಿನ ದಿನಗಳಲ್ಲಿ ಕೆಲವು ತೋಟದ ದಾರಿಗಳನ್ನು ಪಂಚಾಯಿತಿಯವರು ಮುಚ್ಚುತ್ತಾರೆ. ಬೋರ್ಡು ಕಂಡರೆ ಬೇರೆ ದಾರಿ ಹಿಡಿಯಿರಿ.

ಅತ್ತೆಯವರಿಗೆ ಐದು ಕಿಲೋಮೀಟರ್ ಕಷ್ಟ. ಒಬ್ಬರು ಅವರ ಜೊತೆ ಬಸ್ಸಿನಲ್ಲೇ ರಿಕ್ವೀರ್‌ಗೆ ಹೋಗಿ ಕಾಫಿ ಕುಡಿಯುತ್ತಾ ಕೂತಿರಬಹುದು. ತೋಟದ ಮಧ್ಯೆ ಓಡುವ ಪುಟ್ಟ ಪ್ರವಾಸಿ ಗಾಡಿಯೂ ಅಲ್ಲಿ ಇದೆ, ಅವರಿಗೆ ಅದೇ ಸರಿ. ಕಲ್ಲು ಹಾಸಿದ ಬೀದಿಗಳಲ್ಲಿ ಚಪ್ಪಲಿ ಬೇಡ. ದಪ್ಪ ಅಡಿಯ ಶೂ, ಒಂದು ಊರುಗೋಲು ಇರಲಿ.

ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲದ ಊರುಗಳ ಬಗ್ಗೆ ಹೇಳುತ್ತೇನೆ. ಇದು ನನಗೆ ಮುಖ್ಯ. ರಿಕ್ವೀರ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬೆನ್‌ವೀರ್, ಮಿಟೆಲ್‌ವೀರ್, ಸಿಗೋಲ್ಸ್‌ಹೈಮ್ ಇವೆ. ಅಲ್ಲಿ ಬಣ್ಣದ ಹಳೆಯ ಮನೆಗಳು ಹೆಚ್ಚಿಲ್ಲ. 1950ರ ದಶಕದ ಸಾದಾ ಮನೆಗಳು. ಹೀಗಾಗಿ ಕಾರುಗಳು ನಿಲ್ಲುವುದೇ ಇಲ್ಲ. 1944ರ ಡಿಸೆಂಬರಿನಿಂದ 1945ರ ಫೆಬ್ರವರಿವರೆಗೆ ಕೋಲ್ಮಾರ್ ಸುತ್ತ ಜರ್ಮನ್ ಸೇನೆ ಬೇರುಬಿಟ್ಟು ಕಾದಾಡಿತು. ಈ ಊರುಗಳು ನೆಲಸಮವಾದವು. ಸಿಗೋಲ್ಸ್‌ಹೈಮ್ ಮೇಲಿನ ಗುಡ್ಡಕ್ಕೆ ರಕ್ತದ ಗುಡ್ಡ ಅನ್ನುತ್ತಾರೆ. ಅಲ್ಲಿ ಫ್ರೆಂಚ್ ಸೇನೆಯ 1,500ಕ್ಕೂ ಹೆಚ್ಚು ಸೈನಿಕರ ಸಮಾಧಿಗಳಿವೆ. ಅವರಲ್ಲಿ ಎಷ್ಟೋ ಜನ ಮೊರಾಕೊ, ಅಲ್ಜೀರಿಯಾ ಕಡೆಯಿಂದ ಬಂದವರು. ಶಿಲುಬೆಯ ಸಾಲಿನ ಪಕ್ಕದಲ್ಲೇ ಮುಸ್ಲಿಂ ಸಮಾಧಿ ಕಲ್ಲುಗಳ ಸಾಲು. ಸುತ್ತಲೂ ದ್ರಾಕ್ಷಿ.

ಅಲ್ಸಾಸಿನ ಜನ ಪಟ್ಟ ಪಾಡು ಗೊತ್ತಿಲ್ಲದೆ ಆ ಊರುಗಳು ಅರ್ಥವಾಗುವುದಿಲ್ಲ. 1871ರಲ್ಲಿ ಜರ್ಮನಿ ಅದನ್ನು ಕಿತ್ತುಕೊಂಡಿತು. 1918ರಲ್ಲಿ ಮತ್ತೆ ಫ್ರಾನ್ಸ್. 1940ರಲ್ಲಿ ಹಿಟ್ಲರನ ಜರ್ಮನಿ. 1945ರಲ್ಲಿ ಮತ್ತೆ ಫ್ರಾನ್ಸ್. ಒಬ್ಬ ಮುದುಕಿ ತನ್ನ ಹಳ್ಳಿ ಬಿಟ್ಟು ಕದಲದೆ ನಾಲ್ಕು ಸಲ ದೇಶ ಬದಲಿಸಿರಬಹುದು. ಎರಡನೇ ಮಹಾಯುದ್ಧದಲ್ಲಿ ಅಲ್ಸಾಸ್ ಮತ್ತು ಪಕ್ಕದ ಮೊಸೆಲ್‌ನ ಸುಮಾರು 1,30,000 ಗಂಡಸರನ್ನು ಜರ್ಮನ್ ಸೇನೆಗೆ ಬಲವಂತವಾಗಿ ಎಳೆದೊಯ್ದರು. ಫ್ರಾನ್ಸಿನ ಬೇರೆ ಕಡೆ ಯುದ್ಧ ಸ್ಮಾರಕಗಳ ಮೇಲೆ 'ಫ್ರಾನ್ಸಿಗಾಗಿ ಮಡಿದವರು' ಅಂತ ಬರೆದಿರುತ್ತದೆ. ಅಲ್ಸಾಸಿನ ಎಷ್ಟೋ ಊರುಗಳಲ್ಲಿ 'ನಮ್ಮ ಸತ್ತವರಿಗೆ' ಅಂತ ಮಾತ್ರ ಇದೆ. ಯಾವ ದೇಶಕ್ಕಾಗಿ ಸತ್ತರು ಅಂತ ಬರೆಯುವುದು? ಮಿಟೆಲ್‌ವೀರ್‌ನಲ್ಲಿ ಒಂದು ಗೋಡೆ ಇದೆ. ನಾಜಿ ಆಳ್ವಿಕೆಯ ವರ್ಷಗಳಲ್ಲಿ ಊರಿನವರು ಅದರ ಉದ್ದಕ್ಕೂ ನೀಲಿ, ಬಿಳಿ, ಕೆಂಪು ಹೂ ಬೆಳೆಸಿದರು. ಫ್ರಾನ್ಸಿನ ಧ್ವಜದ ಬಣ್ಣ. ಆ ಗೋಡೆಯನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಚಂದದ ಊರುಗಳ ನಡುವೆ ಅರ್ಧ ದಿನ ಇದಕ್ಕೆ ಕೊಡಿ.

ಕೋಲ್ಮಾರ್‌ಗೆ ಅರ್ಧ ದಿನ ಸಾಕು. ಕಾಲುವೆ ದಂಡೆ ಹೇಗೂ ನೋಡುತ್ತೀರಿ. ಉಂಟರ್‌ಲಿಂಡನ್ ಮ್ಯೂಸಿಯಂ ಮಾತ್ರ ಬಿಡಬೇಡಿ. ಅಲ್ಲಿ 1512–1516ರ ಸುಮಾರಿಗೆ ಗ್ರೂನೆವಾಲ್ಡ್ ಎಂಬ ಚಿತ್ರಕಾರ ಬರೆದ ಇಸೆನ್‌ಹೈಮ್ ಬಲಿಪೀಠದ ಚಿತ್ರಗಳಿವೆ. ರೈ ಧಾನ್ಯಕ್ಕೆ ಹತ್ತುವ ಬೂಷ್ಟಿನಿಂದ ಕೈಕಾಲು ಉರಿದು ಕೊಳೆಯುತ್ತಿದ್ದ ರೋಗಿಗಳಿಗಾಗಿ ಒಂದು ಮಠದ ಆಸ್ಪತ್ರೆಯಲ್ಲಿ ಇಟ್ಟಿದ್ದ ಚಿತ್ರ ಅದು. ಶಿಲುಬೆ ಮೇಲಿನ ಕ್ರಿಸ್ತನ ಮೈತುಂಬಾ ಹುಣ್ಣು. ರೋಗಿ ತನ್ನ ನೋವನ್ನೇ ಅಲ್ಲಿ ನೋಡುತ್ತಿದ್ದ. ಮಗಳಿಗೆ ಸ್ವಲ್ಪ ಮೊದಲೇ ಹೇಳಿ ಕರೆದೊಯ್ಯಿರಿ.

ಎಗಿಸ್‌ಹೈಮ್ ಬೀದಿಗಳು ಉಂಗುರದ ಒಳಗೊಂದು ಉಂಗುರ ಇದ್ದ ಹಾಗೆ ಸುತ್ತಿಕೊಂಡಿವೆ. ಒಂದೂವರೆ ಗಂಟೆಯ ಮಾತು. ಕೈಸರ್ಸ್‌ಬೆರ್ಗ್, ಆಫ್ರಿಕಾದಲ್ಲಿ ಆಸ್ಪತ್ರೆ ನಡೆಸಿದ ವೈದ್ಯ ಆಲ್ಬರ್ಟ್ ಶ್ವೈಟ್ಸರ್ 1875ರಲ್ಲಿ ಹುಟ್ಟಿದ ಊರು. ಎರಡೂ ಚಂದ, ಎರಡರಲ್ಲಿ ಒಂದು ಸಾಕು. ನನ್ನ ಮಾತು ಕೇಳಿದರೆ ಅವುಗಳ ಬದಲು ಟುರ್ಕ್‌ಹೈಮ್‌ನಿಂದ ತೋಟದ ದಾರಿಯಲ್ಲಿ ನೀಡರ್‌ಮೋರ್ಶ್‌ವೀರ್‌ಗೆ ನಡೆದು ಹೋಗಿ. ಅರ್ಧ ಮುಕ್ಕಾಲು ಗಂಟೆ. ಚರ್ಚಿನ ಶಿಖರ ತಿರುಚಿಕೊಂಡಿದೆ, ಹುಡುಕಬೇಕಿಲ್ಲ. ಜಾಮ್ ಮಾಡುವುದರಲ್ಲಿ ಫ್ರಾನ್ಸಿಗೆಲ್ಲ ಹೆಸರಾದ ಕ್ರಿಸ್ಟೀನ್ ಫೆರ್ಬರ್ ಅವರ ಅಂಗಡಿ ಈ ಪುಟ್ಟ ಊರಲ್ಲೇ ಇದೆ. ಅತ್ತೆಯವರಿಗೆ ಆ ಅಂಗಡಿ ವೈನ್ ಮಳಿಗೆಗಿಂತ ಜಾಸ್ತಿ ಹಿಡಿಸುತ್ತದೆ.

ಒಂದು ದಿನ ಉತ್ತರಕ್ಕೆ, ಡಾಂಬಾಕ್-ಲಾ-ವಿಲ್‌ಗೆ ಹೋಗಿ. ರೈಲು ಊರ ಹತ್ತಿರವೇ ನಿಲ್ಲುತ್ತದೆ. ಮೂರು ಬಾಗಿಲು, ಸುತ್ತ ಗೋಡೆ, ಒಳಗೆ ಎಷ್ಟೋ ಕುಟುಂಬಗಳು ವೈನ್ ಮಾಡುತ್ತವೆ. ಪ್ರವಾಸಿಗರು ಕಡಿಮೆ. ಕೊಯ್ಲಿನ ಹೊತ್ತಿಗೆ ಬೀದಿಯಲ್ಲೇ ಹುಳಿ ಬರುತ್ತಿರುವ ರಸದ ವಾಸನೆ. ಟ್ರ್ಯಾಕ್ಟರ್ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು. ಈ ಸೀಮೆಯ ನಿಜವಾದ ಕೆಲಸದ ಊರು ನೋಡಬೇಕೆಂದರೆ ಇದು.

ಇನ್ನು ಯಜಮಾನರಿಗೆ. ಬಾಗಿಲ ಮೇಲೆ 'ದೆಗುಸ್ತಾಸಿಯೋಂ' ಅಂತ ಬೋರ್ಡಿದ್ದರೆ ರುಚಿ ನೋಡಲು ಒಳಗೆ ಹೋಗಬಹುದು ಅಂತ. ಮಧ್ಯಾಹ್ನ ಹನ್ನೆರಡರಿಂದ ಎರಡು ಊಟದ ಹೊತ್ತು, ಗಂಟೆ ಒತ್ತಬೇಡಿ. ಕೊಯ್ಲಿನ ಕಾಲ ಆದ್ದರಿಂದ ಹಿಂದಿನ ದಿನ ಫೋನ್ ಮಾಡಿ ಕೇಳುವುದು ಒಳ್ಳೆಯದು. ಸಣ್ಣ ಮನೆತನದ ಮಳಿಗೆಗಳಲ್ಲಿ ಎಷ್ಟೋ ಕಡೆ ರುಚಿಗೆ ದುಡ್ಡು ಕೇಳುವುದಿಲ್ಲ. ಆದರೆ ಅರ್ಧ ಗಂಟೆ ಅವರ ಸಮಯ ತಗೊಂಡು ಬರಿಗೈಯಲ್ಲಿ ಎದ್ದು ಬರುವುದು ಸರಿಯಲ್ಲ. ಒಂದೆರಡು ಬಾಟಲಿ ಕೊಳ್ಳಿ. ಸಾಮಾನ್ಯ ಬಾಟಲಿ 10ರಿಂದ 15 ಯೂರೋ ಒಳಗೆ ಸಿಗುತ್ತದೆ.

ಇಲ್ಲಿ ಬಹುಪಾಲು ಬಿಳಿ ವೈನ್. ಬಾಟಲಿ ಮೇಲೆ ದ್ರಾಕ್ಷಿ ತಳಿಯ ಹೆಸರು ಬರೆದಿರುತ್ತದೆ, ಹೊಸಬರಿಗೆ ಅದು ಅನುಕೂಲ. ಹಗುರದಿಂದ ಗಾಢಕ್ಕೆ ಹೋಗಿ: ಮೊದಲು ಸಿಲ್ವಾನರ್ ಇಲ್ಲವೇ ಪಿನೋ ಬ್ಲಾಂ, ಆಮೇಲೆ ರೀಸ್ಲಿಂಗ್, ಪಿನೋ ಗ್ರೀ, ಕೊನೆಗೆ ಗೆವುರ್ಟ್ಸ್‌ಟ್ರಾಮಿನರ್. ಕೊನೆಯದಕ್ಕೆ ಗುಲಾಬಿ, ಲಿಚಿ ಹಣ್ಣಿನ ಪರಿಮಳ. ನಿಮಗೂ ಇಷ್ಟವಾಗುತ್ತದೆ, ನಮ್ಮ ಖಾರದ ಊಟಕ್ಕೂ ಹೊಂದುತ್ತದೆ. ಮೊದಲು ಬಾಟಲಿ ನೋಡಿ ಸಿಹಿಯೋ ಅಲ್ಲವೋ ಅಂತ ತಿಳಿಯುತ್ತಿರಲಿಲ್ಲ. 2021ರ ಬೆಳೆಯಿಂದ ಲೇಬಲ್ ಮೇಲೆ ಅದನ್ನು ಬರೆಯಲೇಬೇಕು. 'ಸೆಕ್' ಅಂದರೆ ಸಿಹಿ ಇಲ್ಲ, 'ಮ್ವಾಲೆ' ಅಂದರೆ ಸಿಹಿ. ಬಾಯಲ್ಲಿ ಆಡಿಸಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಕೆಲಸ ಬಲ್ಲವರು ಮಾಡುವುದೇ ಹಾಗೆ. ಮಗಳಿಗೆ ದ್ರಾಕ್ಷಿ ರಸ ಕೇಳಿ. ನೆಲಮಾಳಿಗೆ ತೋರಿಸುತ್ತೀರಾ ಅಂತಲೂ ಕೇಳಿ. ಆಳೆತ್ತರ ಮೀರಿದ ಹಳೆಯ ಮರದ ಪೀಪಾಯಿಗಳಿರುತ್ತವೆ, ಕೆಲವಕ್ಕೆ ಮುಂಭಾಗದಲ್ಲಿ ಕೆತ್ತನೆ. ಅದನ್ನು ಒಳಗಿನಿಂದ ತೊಳೆಯಲು ಕೆಳಗಿನ ಪುಟ್ಟ ಬಾಗಿಲಿನಲ್ಲಿ ಮನುಷ್ಯ ನುಸುಳಿ ಹೋಗುತ್ತಾನೆ.

ಒಂದು ಮಾತು ನೆನಪಿರಲಿ. ವೈನ್ ತಿಳಿ ಮಾಡಲು ಕೆಲವರು ಮೊಟ್ಟೆಯ ಬಿಳಿ, ಮೀನಿನ ಅಂಶ, ಜಿಲಾಟಿನ್ ಬಳಸುತ್ತಾರೆ. ನೀವೂ ಸಸ್ಯಾಹಾರಿಯಾದರೆ ವೀಗನ್ ಗುರುತಿರುವ ಬಾಟಲಿ ಕೇಳಿ.

ಕಾರು ಬೇಡ. ರುಚಿ ನೋಡಿದ ಮೇಲೆ ಓಡಿಸುವಂತಿಲ್ಲ. ಫ್ರಾನ್ಸಿನಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಎರಡು ಗ್ಲಾಸಿಗೇ ಹತ್ತಿರ ಬಂದುಬಿಡಬಹುದು. ಪ್ಯಾರಿಸ್‌ನಿಂದ ಕೋಲ್ಮಾರ್‌ಗೆ ವೇಗದ ರೈಲಿನಲ್ಲಿ ಎರಡೂವರೆ ಗಂಟೆ ಸಾಲುತ್ತದೆ. ಅಲ್ಲಿಂದ ಚಿಕ್ಕ ರೈಲು, ಬಸ್ಸು. ಭಾನುವಾರ ಬಸ್ಸು ತೀರಾ ಕಡಿಮೆ, ಅಂಗಡಿಗಳೂ ಮುಚ್ಚಿರುತ್ತವೆ. ಆ ದಿನ ಟುರ್ಕ್‌ಹೈಮ್ ಸುತ್ತಲೇ ಇರಿ. ಅತ್ತೆಯವರಿಗೆ ಸುಸ್ತಾದ ದಿನಕ್ಕೆ ಟ್ಯಾಕ್ಸಿ ಹೇಳಿ, ಕಾರಿನ ಬಾಡಿಗೆ ಉಳಿದ ದುಡ್ಡಿನಲ್ಲಿ ಅದು ಆಗುತ್ತದೆ.

ಊಟದ್ದು ನಿಜವಾದ ಚಿಂತೆ. ಅಲ್ಸಾಸ್ ಹಂದಿ ಮಾಂಸದ ನಾಡು. ಸೊಪ್ಪಿನ ಸೂಪಿನಲ್ಲೂ ಒಂದು ತುಂಡು ಇರಬಹುದು. ಹೋಟೆಲ್ ಬೇಡ, ಅಡುಗೆಮನೆ ಇರುವ ಬಾಡಿಗೆ ಮನೆ ತಗೊಳ್ಳಿ. ಅಲ್ಲಿ ಅದಕ್ಕೆ 'ಜೀಟ್' ಅನ್ನುತ್ತಾರೆ, ವೈನ್ ಮಾಡುವ ಕುಟುಂಬಗಳೇ ಎಷ್ಟೋ ಕಡೆ ಕೊಡುತ್ತವೆ. ಕೋಲ್ಮಾರ್‌ನಲ್ಲಿ 1865ರ ಹಳೆಯ ಮುಚ್ಚು ಮಾರುಕಟ್ಟೆ ಇದೆ, ತರಕಾರಿ ಅಲ್ಲಿ ಚೆನ್ನಾಗಿರುತ್ತದೆ. ಹೊರಗೆ ತಿನ್ನುವುದಾದರೆ ಅತ್ತೆಯವರಿಗೆ ಫ್ಲಾಮೆಕುಶ್ ಹೇಳಿ. ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಗಟ್ಟಿ ಕೆನೆ, ಈರುಳ್ಳಿ ಹರಡಿ ಕಟ್ಟಿಗೆ ಒಲೆಯಲ್ಲಿ ಎರಡು ನಿಮಿಷ ಸುಟ್ಟು ಕೊಡುತ್ತಾರೆ. ಸಾಂಪ್ರದಾಯಿಕ ಹಿಟ್ಟಿಗೆ ಮೊಟ್ಟೆ ಹಾಕುವುದಿಲ್ಲ. ಆದರೆ ಮೇಲೆ ಹಂದಿ ಮಾಂಸದ ಚೂರು ಉದುರಿಸುತ್ತಾರೆ. 'ಸಾಂ ಲಾರ್ದೋಂ' ಅಂತ ಒತ್ತಿ ಹೇಳಿ, ತಟ್ಟೆ ಬಂದ ಮೇಲೂ ನೋಡಿ. ಬೆಳ್ಳುಳ್ಳಿ, ಸೊಪ್ಪು ಬೆರೆಸಿದ ತಾಜಾ ಗಿಣ್ಣಿನಂಥ ಬಿಬೆಲೆಸ್‌ಕೇಸ್ ಅನ್ನು ಹುರಿದ ಆಲೂಗಡ್ಡೆ ಜೊತೆ ಕೊಡುತ್ತಾರೆ, ಅದೂ ಹಿಡಿಸಬಹುದು. ಮುನ್‌ಸ್ಟರ್ ಚೀಸ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಬಿಬೆಲೆಸ್‌ಕೇಸ್‌ಗೂ ಸ್ವಲ್ಪ ಹಾಕಿರಬಹುದು. ಅತ್ತೆಯವರು ಅದನ್ನು ಬಿಡುವವರಾದರೆ ಮೊದಲೇ ತಿಳಿಸಿಬಿಡಿ. ಷ್ಪೆಟ್ಸ್‌ಲೆ ಎಂಬ ಶ್ಯಾವಿಗೆ, ಕುಗೆಲ್‌ಹೋಫ್ ಕೇಕ್ ಎರಡಕ್ಕೂ ಮೊಟ್ಟೆ ಇದೆ.

ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಪುಟ್ಟ ಕುಕ್ಕರ್ ಧಾರಾಳವಾಗಿ ತಗೊಂಡು ಹೋಗಿ. ತುಪ್ಪ, ಪೇಡ, ಮೈಸೂರು ಪಾಕ್ ಮಾತ್ರ ಸೂಟ್‌ಕೇಸಿಗೆ ಹಾಕಬೇಡಿ. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಸಿಕ್ಕಿದರೆ ಎಸೆಯುತ್ತಾರೆ. ಬೆಣ್ಣೆ ಅಲ್ಲೇ ಒಳ್ಳೆಯದು ಸಿಗುತ್ತದೆ, ಮನೆಯಲ್ಲೇ ಕಾಯಿಸಿಕೊಳ್ಳಿ. ವಾಪಸ್ ಬರುವಾಗ ಒಬ್ಬ ವಯಸ್ಕರಿಗೆ ಎರಡು ಲೀಟರ್ ಮದ್ಯಕ್ಕೆ ಸುಂಕ ಇಲ್ಲ. ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ರಜೆ ದಿನಾಂಕ ಗೊತ್ತಾದ ಕೂಡಲೇ ಮನೆ ಬುಕ್ ಮಾಡಿ, ಅಕ್ಟೋಬರಿನ ಶನಿವಾರ-ಭಾನುವಾರಗಳಿಗೆ ಜರ್ಮನಿಯಿಂದ ಬರುವವರು ಮೊದಲೇ ಹಿಡಿದಿಟ್ಟಿರುತ್ತಾರೆ.